ಪೊಟ್ಟಣದಲ್ಲಿ ಏನಿದೆ?

ಹತ್ತನೆಯ ತರಗತಿಗೆ ಆಮ್ಲ, ಪ್ರತ್ಯಾಮ್ಲಗಳ ಪಾಠ ಮಾಡುವಾಗ ನಾನು ಪ್ರತಿ ವರ್ಷ ತಪ್ಪದೆ ಒಂದು ಪ್ರಯೋಗ ತೋರಿಸುತ್ತೇನೆ. ಬಿಳಿಯ ಕಾಗದಕ್ಕೆ ಅರಿಶಿನದ ನೀರು ಸವರಿ ಒಣಗಿಸುವುದು. ಒಣಗಿದ ಮೇಲೆ ಸೋಪಿನ ನೀರಿನ ಒಂದು ಹನಿ ಬಿಡುವುದು. ಹಳದಿ ಕಾಗದ ಕಣ್ಣೆದುರೇ ಕೆಂಪಾಗುತ್ತದೆ. ಅರಿಶಿನ ಹತ್ತಿದ ಬಟ್ಟೆಗೆ ಸೋಪು ತಿಕ್ಕಿದಾಗ ಆಗುವುದೂ ಇದೇ. ಮನೆಯಲ್ಲಿ ಎಷ್ಟೋ ಸಲ ನೋಡಿದ್ದರೂ ತರಗತಿಯಲ್ಲಿ ನೋಡಿದಾಗ ಮಕ್ಕಳಿಗೆ ಅದು ಹೊಸದೆನಿಸುತ್ತದೆ.

ಎರಡು ವರ್ಷದ ಹಿಂದೆ ಈ ಪ್ರಯೋಗ ಮುಗಿದು ಬೆಲ್ ಹೊಡೆದ ಮೇಲೆ ಒಬ್ಬ ಹುಡುಗಿ ಮೇಜಿನ ಬಳಿ ಬಂದು ನಿಂತಳು. ಜಾಮೆಟ್ರಿ ಬಾಕ್ಸಿನೊಳಗಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಅದರಲ್ಲಿ ಕಂದು ಬಣ್ಣದ ಪುಡಿಯಿತ್ತು.

"ಸಾರ್, ಇದರಲ್ಲಿ ಏನಿದೆ ಅಂತ ನಮ್ಮ ಲ್ಯಾಬಿನಲ್ಲಿ ಗೊತ್ತಾಗುತ್ತಾ?"

"ಏನಮ್ಮಾ ಇದು?"

"ಅಮ್ಮನ ಕೈನೋವಿನ ಔಷಧಿ ಸಾರ್. ವಾರದ ಸಂತೆಯಲ್ಲಿ ಕೊಡ್ತಾರೆ. ನಾಟಿ ಔಷಧಿ."

ಮೂಸಿ ನೋಡಿದೆ. ಒಣಶುಂಠಿಯ ವಾಸನೆ ಬಂತು. "ಬೇರು ನಾರಿನ ಪುಡಿ ತಾನೇ, ತೊಂದರೆ ಏನೂ ಇರಲಿಕ್ಕಿಲ್ಲ ಬಿಡು" ಎಂದು ಹೇಳಿ ಕಳಿಸಿದೆ. ಮೂವತ್ತು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿರುವವನು ಆಡಬಾರದ ಮಾತು ಅದು. ಏಕೆ ಆಡಬಾರದು ಎಂಬುದೇ ಈ ವಾರದ ವಿಷಯ.

ನಮ್ಮ ಶಾಲೆ ಇರುವುದು ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ. ಮಕ್ಕಳ ತಂದೆ ತಾಯಂದಿರು ಗಾರ್ಮೆಂಟ್ಸ್‌ನಲ್ಲಿ, ಲೇತ್ ಮಿಷನ್ನಿನ ಮುಂದೆ, ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವವರು. ದಿನವಿಡೀ ನಿಂತು ಅಥವಾ ಒಂದೇ ಭಂಗಿಯಲ್ಲಿ ಕೂತು ಮಾಡುವ ಕೆಲಸ. ಕೀಲುನೋವಿನ ಮಾತು ಬಾರದ ಪೋಷಕರ ಸಭೆಯೇ ಇಲ್ಲವೆನ್ನಬಹುದು. ಈ ಹುಡುಗಿಯ ತಾಯಿಯೂ ಗಾರ್ಮೆಂಟ್ಸ್‌ನಲ್ಲಿ ಟೈಲರ್. ವಯಸ್ಸು ನಲವತ್ತು ದಾಟಿರಲಿಲ್ಲ. ಮುಂದಿನ ಸಭೆಗೆ ಬಂದಾಗ ಅವರೇ ಹೇಳಿದರು: "ಬೆಳಿಗ್ಗೆ ಎದ್ರೆ ಮುಷ್ಟಿ ಕಟ್ಟೋಕೆ ಆಗ್ತಿರಲಿಲ್ಲ ಮೇಷ್ಟ್ರೇ. ಬಟ್ಟೆ ಹಿಂಡೋಕೂ ಮಗಳೇ ಬೇಕಿತ್ತು. ಈ ಪುಡಿ ತಗೊಂಡ ಮೂರನೇ ದಿನಕ್ಕೆ ಮಿಷನ್ ಮೇಲೆ ಕೂತೆ ನೋಡಿ." ಮೊದಲಿಗಿಂತ ಅವರ ಮುಖ ಗುಂಡಗಾಗಿತ್ತು. ಆರೋಗ್ಯ ಸುಧಾರಿಸಿದೆ ಎಂದು ನಾನೂ ಸಂತೋಷಪಟ್ಟೆ.

ಆರು ತಿಂಗಳಾದ ಮೇಲೆ ಪುಡಿ ಮಾರುವವನು ಸಂತೆಗೆ ಬರುವುದನ್ನು ನಿಲ್ಲಿಸಿದ. ಪುಡಿ ಮುಗಿದ ಕೆಲವೇ ದಿನಗಳಲ್ಲಿ ಆ ತಾಯಿಗೆ ವಾಂತಿ, ತಲೆಸುತ್ತು. ಹಾಸಿಗೆಯಿಂದ ಏಳಲಾರದಷ್ಟು ನಿತ್ರಾಣ. ಆಸ್ಪತ್ರೆಗೆ ಸೇರಿಸಿದಾಗ ರಕ್ತದೊತ್ತಡ ಕುಸಿದಿತ್ತು. ಗುಂಡಗಾದ ಮುಖವನ್ನೂ ತೆಳುವಾದ ಚರ್ಮವನ್ನೂ ನೋಡಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಯಾವ ಪುಡಿ ತಗೋತಾ ಇದ್ರಿ?" ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಅವರು ಹೇಳಿದ್ದು: ಪುಡಿಯಲ್ಲಿ ಬೇರು ನಾರಿನ ಜೊತೆಗೆ ಸ್ಟೀರಾಯ್ಡ್ ಬೆರೆತಿರಬೇಕು.

ನೋವು ಒಂದೇ, ಕಾಯಿಲೆ ಬೇರೆ

ಕೀಲುನೋವಿಗೆ ಏನು ಮಾಡಬೇಕು ಎಂದು ಕೇಳುವುದಕ್ಕೆ ಮೊದಲು ಯಾವ ಕೀಲುನೋವು ಎಂದು ಕೇಳಬೇಕು. ಸಂಧಿವಾತ ಎಂಬ ಒಂದೇ ಹೆಸರಿನಡಿ ನೂರಕ್ಕೂ ಹೆಚ್ಚು ಬಗೆಯ ಕಾಯಿಲೆಗಳಿವೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮೂರನ್ನು ತಿಳಿದುಕೊಂಡರೆ ಸದ್ಯಕ್ಕೆ ಸಾಕು.

ಮೊದಲನೆಯದು ಸವೆತದ ನೋವು, ಆಸ್ಟಿಯೋ ಆರ್ಥ್ರೈಟಿಸ್. ಅಜ್ಜಿಯ ಮಂಡಿನೋವು ಹೆಚ್ಚಾಗಿ ಇದೇ. ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ವರ್ಷಗಟ್ಟಲೆ ಸವೆಯುತ್ತಾ ಹೋಗುತ್ತದೆ. ನಡೆದರೆ, ಮೆಟ್ಟಿಲು ಹತ್ತಿದರೆ ನೋವು ಹೆಚ್ಚು; ಕೂತರೆ ಕಡಿಮೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ಎರಡನೆಯದು ರೂಮಟಾಯ್ಡ್ ಆರ್ಥ್ರೈಟಿಸ್. ಇದು ಸವೆತವಲ್ಲ, ಒಳಜಗಳ. ರೋಗಾಣುಗಳೊಂದಿಗೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಎರಡೂ ಕೈಗಳ ಬೆರಳಿನ ಗೆಣ್ಣು, ಮಣಿಕಟ್ಟುಗಳು ಒಟ್ಟಿಗೆ ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ಇರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ದುಡಿಯುವ ವಯಸ್ಸಿನಲ್ಲೇ ಬರಬಹುದು. ಈ ಕಾಯಿಲೆಯಲ್ಲಿ ಮೊದಲ ಕೆಲವು ತಿಂಗಳುಗಳು ಅಮೂಲ್ಯ. ಆಗಲೇ ಗುರುತಿಸಿ ರೋಗವನ್ನೇ ತಡೆಯುವ ಔಷಧ ಕೊಟ್ಟರೆ ಕೀಲುಗಳು ಉಳಿಯುತ್ತವೆ. ತಡವಾದರೆ ಮೂಳೆಯೇ ಕೊರೆದುಹೋಗಿ ಬೆರಳು ಸೊಟ್ಟಗಾಗುತ್ತವೆ. ಹಾಗಾದ ಮೇಲೆ ಯಾವ ಔಷಧವೂ ಅವನ್ನು ನೆಟ್ಟಗೆ ಮಾಡಲಾರದು.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಅದರ ಸೂಜಿಯಂಥ ಹರಳುಗಳು ಕೀಲಿನಲ್ಲಿ ಕೂರುತ್ತವೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಾಗಿ ಉರಿಯುತ್ತದೆ; ಹೊದಿಕೆ ತಗುಲಿದರೂ ಸಹಿಸಲಾಗದು.

ನಮ್ಮ ವಿದ್ಯಾರ್ಥಿನಿಯ ತಾಯಿಗಿದ್ದದ್ದು ಎರಡನೆಯ ಬಗೆ. ಪುಡಿ ಆರು ತಿಂಗಳು ನೋವನ್ನು ಅಡಗಿಸಿತ್ತೇ ಹೊರತು ಕಾಯಿಲೆಗೆ ತಕ್ಕ ಚಿಕಿತ್ಸೆಯಾಗಿರಲಿಲ್ಲ. ಕಾಯಿಲೆ ಒಳಗೊಳಗೇ ಕೆಲಸ ಮಾಡುತ್ತಿತ್ತು.

ಮೂರೇ ದಿನದ ಪವಾಡ

ನೋವು ಮೂರು ದಿನದಲ್ಲಿ ಮಾಯವಾದದ್ದು ಹೇಗೆ? ಇದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಎಂಬ ವೈದ್ಯರು ರೂಮಟಾಯ್ಡ್ ಆರ್ಥ್ರೈಟಿಸ್‌ನಿಂದ ನಡೆಯಲಾಗದೆ ಮಲಗಿದ್ದ ಒಬ್ಬ ಯುವತಿಗೆ ಕಾರ್ಟಿಸೋನ್ ಎಂಬ ಹೊಸ ವಸ್ತುವಿನ ಇಂಜೆಕ್ಷನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಜಗತ್ತು ಬೆರಗಾಯಿತು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಟಾಡಿಯಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಆದರೆ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ತೆಗೆದುಕೊಂಡವರಲ್ಲಿ ಬೇರೆ ಲಕ್ಷಣಗಳು ಕಾಣತೊಡಗಿದವು. ಮುಖ ಚಂದ್ರನಂತೆ ಗುಂಡಗಾಗುವುದು, ರಕ್ತದಲ್ಲಿ ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು, ಸೋಂಕು ಬೇಗ ತಗುಲುವುದು. ಇನ್ನೂ ಒಂದು ತೊಡಕಿದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ನಮಗೆ ದಿನವೂ ಬೇಕಾದ ಸ್ಟೀರಾಯ್ಡನ್ನು ತಾವೇ ತಯಾರಿಸುತ್ತವೆ. ಹೊರಗಿನಿಂದ ಬೇಕಾದಷ್ಟು ಬರುತ್ತಿದ್ದರೆ ಅವು ಕೆಲಸ ನಿಲ್ಲಿಸಿಬಿಡುತ್ತವೆ. ಆಮೇಲೆ ಹೊರಗಿನದು ಥಟ್ಟನೆ ನಿಂತರೆ ಒಳಗಿನದೂ ಇಲ್ಲ. ಸಂತೆಗೆ ಪುಡಿ ಬಾರದೆ ಹೋದಾಗ ಆ ತಾಯಿ ಕುಸಿದದ್ದು ಇದರಿಂದ.

ಹಾಗೆಂದು ಸ್ಟೀರಾಯ್ಡ್ ವಿಷವಲ್ಲ. ಇಂದಿಗೂ ವೈದ್ಯರು ಅದನ್ನು ಅಳತೆ ಮಾಡಿ ಕೊಡುತ್ತಾರೆ, ಸಕ್ಕರೆ, ರಕ್ತದೊತ್ತಡ ನೋಡುತ್ತಾರೆ, ನಿಲ್ಲಿಸುವಾಗ ಮೆಟ್ಟಿಲು ಇಳಿಸಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಕೇಡಿರುವುದು ಬಚ್ಚಿಟ್ಟು ಕೊಡುವುದರಲ್ಲಿ. ಆದ್ದರಿಂದ ಪೋಷಕರು ಒಂದು ಮಾತು ನೆನಪಿಡಬೇಕು: ಬಹಳ ದಿನದ ಕೀಲುನೋವನ್ನು ಎರಡು ಮೂರು ದಿನದಲ್ಲಿ ಪೂರ್ತಿ ಕಳೆಯುವ, ಹೆಸರಿಲ್ಲದ ಪುಡಿ ಸಿಕ್ಕಿದರೆ ಸಂತೋಷಪಡಬೇಡಿ, ಅನುಮಾನಪಡಿ. ಈಗಾಗಲೇ ಅಂಥದ್ದನ್ನು ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಪೊಟ್ಟಣದ ಸಮೇತ ತಡಮಾಡದೆ ವೈದ್ಯರ ಬಳಿಗೆ ಹೋಗಿ.

ನಿಜವಾಗಿ ನೆಮ್ಮದಿ ಕೊಡುವವು

ಮನೆಮದ್ದುಗಳೆಲ್ಲ ಸುಳ್ಳು ಎಂದು ಹೇಳುವವನು ನಾನಲ್ಲ. ಬೋರ್ಡಿನ ಮುಂದೆ ನಿಂತು ನಿಂತು ನನ್ನ ಮಂಡಿಗಳೂ ಸವೆದಿವೆ. ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರಿನಲ್ಲಿ ಬಟ್ಟೆ ಅದ್ದಿ ನನ್ನ ಹೆಂಡತಿ ಕೊಡುವ ಶಾಖದಿಂದ ರಾತ್ರಿ ನಿದ್ದೆ ಬರುತ್ತದೆ. ಇಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಬಿಸಿ. ಬಿಸಿಗೆ ರಕ್ತನಾಳಗಳು ಹಿಗ್ಗುತ್ತವೆ, ಕೀಲಿನ ಸುತ್ತ ಬಿಗಿದ ಸ್ನಾಯು ಸಡಿಲವಾಗುತ್ತದೆ. ಎಳ್ಳೆಣ್ಣೆಯೋ ಹರಳೆಣ್ಣೆಯೋ ಹಚ್ಚಿ ನೀವಿದಾಗಲೂ ಅಷ್ಟೇ. ಎಣ್ಣೆಗಿಂತ ನೀವುವ ಕೈಯ ಗುಣವೇ ಹೆಚ್ಚಿರಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಎಚ್ಚರ ವಹಿಸಬೇಕು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಕೀಲು ಕೆಂಪಾಗಿ, ಬಿಸಿಯಾಗಿ ಊದಿದ್ದರೆ ಶಾಖಕ್ಕಿಂತ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹಿತವೆನಿಸುತ್ತದೆ.

ನೋವಿನ ಮುಲಾಮು ಹೇಗೆ ಕೆಲಸ ಮಾಡುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಸ್ವಾರಸ್ಯವಾದ ವಿಷಯ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೆ ಮೀರಿದ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ. ಕ್ಯಾಪ್ಸೈಸಿನ್ ಅದೇ ಗ್ರಾಹಕವನ್ನು ತಟ್ಟುತ್ತದೆ. ಖಾರ ತಿಂದಾಗ ಬಾಯಿ ಸುಟ್ಟಂತಾಗುವುದು ಅದಕ್ಕೇ. 1997ರಲ್ಲಿ ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಕ್ಯಾಪ್ಸೈಸಿನ್ ಮುಲಾಮನ್ನು ದಿನವೂ ಹಚ್ಚುತ್ತಿದ್ದರೆ ಆ ನರತುದಿಗಳು ಕ್ರಮೇಣ ಮಂದವಾಗಿ ನೋವಿನ ಸುದ್ದಿ ಕಳಿಸುವುದನ್ನು ಕಡಿಮೆ ಮಾಡುತ್ತವೆ. ಮುಲಾಮುಗಳಲ್ಲಿರುವ ಪುದೀನ ಜಾತಿಯ ಮೆಂಥಾಲ್ ತಂಪನ್ನು ಗುರುತಿಸುವ ಗ್ರಾಹಕವನ್ನು ತಟ್ಟುತ್ತದೆ. ವಿಂಟರ್‌ಗ್ರೀನ್ ಎಣ್ಣೆಯ ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ನಿನ ಹತ್ತಿರದ ಬಂಧು. ಹೊಟ್ಟೆಗೆ ಹೋದರೆ ಸ್ವಲ್ಪವೂ ಅಪಾಯ, ಆದ್ದರಿಂದ ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮುಲಾಮು ಹಚ್ಚಿದ ಜಾಗಕ್ಕೆ ಮತ್ತೆ ಬಿಸಿನೀರಿನ ಚೀಲ ಕಟ್ಟಬಾರದು, ಚರ್ಮ ಸುಡುತ್ತದೆ.

ಇವೆಲ್ಲಕ್ಕಿಂತ ಮೇಲಾದ ಸಹಜ ಚಿಕಿತ್ಸೆ ಒಂದಿದೆ, ಅದಕ್ಕೆ ಬೆಲೆಯಿಲ್ಲವಾದ್ದರಿಂದ ಅದನ್ನು ಮಾರುವವರೂ ಇಲ್ಲ. ಅದು ವ್ಯಾಯಾಮ. ಮಂಡಿ ನೋಯುತ್ತದೆಂದು ಕೂತೇ ಇದ್ದರೆ ತೊಡೆಯ ಸ್ನಾಯು ಸೊರಗುತ್ತದೆ. ಆಗ ಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ. ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಬೇಕು. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ಜೊತೆಗೆ ಸಮನಾದ ನೆಲದ ಮೇಲೆ ನಡಿಗೆ. ದೇಹದ ತೂಕವೂ ಲೆಕ್ಕಕ್ಕೆ ಬರುತ್ತದೆ. ಮಂಡಿನೋವಿರುವ ಸ್ಥೂಲಕಾಯದವರನ್ನು ಅಳೆದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಪ್ರಕಾರ 1 ಕೆ.ಜಿ. ತೂಕ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕೆ.ಜಿ. ಇಳಿಯುತ್ತದೆ. ಒಂದು ದಿನದ ಹೆಜ್ಜೆಗಳಿಗೆ ಇದನ್ನು ಗುಣಿಸಿ ನೋಡಿ.

ಯೋಗದ ಬಗ್ಗೆ ನಮ್ಮ ಊರಿನದೇ ಒಂದು ಅಧ್ಯಯನವಿದೆ. ಎಲೆಕ್ಟ್ರಾನಿಕ್ ಸಿಟಿಯ ಆಚೆ ಜಿಗಣಿಯ ಬಳಿ ಇರುವ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಮಂಡಿ ಸವೆತವಿದ್ದ 250 ಜನರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಫಿಸಿಯೋಥೆರಪಿ ಇತ್ತು. ಅದರ ಮೇಲೆ ಒಂದಕ್ಕೆ ಯೋಗ, ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮ. 2012ರಲ್ಲಿ ಪ್ರಕಟವಾದ ವರದಿಯಂತೆ ಯೋಗದ ಗುಂಪಿನಲ್ಲಿ ನೋವೂ ಬೆಳಗಿನ ಬಿಗಿತವೂ ಹೆಚ್ಚು ಇಳಿದಿದ್ದವು. ಯೋಗ ಕಲಿಸುವ ಸಂಸ್ಥೆಯೇ ನಡೆಸಿದ ಅಧ್ಯಯನ ಎಂಬುದನ್ನು ಓದುಗರು ಗಮನದಲ್ಲಿಡಬೇಕು. ಹಾಗೆಯೇ, ಮಂಡಿ ನೋಯುವವರು ಹಟ ಹಿಡಿದು ಪದ್ಮಾಸನ, ವಜ್ರಾಸನ ಹಾಕುವುದು ಯೋಗವಲ್ಲ.

ಪೀಣ್ಯದಿಂದ ಅಮೆರಿಕಕ್ಕೆ ಹೋದ ಅರಿಶಿನ

ಇನ್ನು ಅರಿಶಿನದ ವಿಚಾರ. ಪೀಣ್ಯದವರಿಗೆ ಇದು ಮನೆಯ ಸುದ್ದಿಯೇ ಹೌದು. ಕಾಗದದ ಮೇಲೆ ಬಣ್ಣ ಬದಲಿಸಿದ ಕುರ್ಕ್ಯುಮಿನ್ ಅರಿಶಿನದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಮೂರು ಪಾಲು ಇರುತ್ತದೆ. ಉರಿಯೂತವನ್ನು ತಗ್ಗಿಸುವ ಗುಣ ಅದಕ್ಕಿದೆ ಎಂದು ಪ್ರಯೋಗಾಲಯದ ಅಧ್ಯಯನಗಳು ಹೇಳುತ್ತವೆ. ಆದರೆ ತಿಂದದ್ದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಒಂದು ಸಂಶೋಧನಾ ಲೇಖನ ಬಂತು. ಸ್ವಯಂಸೇವಕರಿಗೆ 2 ಗ್ರಾಂ ಕುರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಖಾರದ ವಸ್ತುವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತು ಎಂಬುದು ಅದರ ಸಾರ. ಲೇಖಕರಲ್ಲಿ ಒಬ್ಬರು ಡಾ. ಮುಹಮ್ಮದ್ ಮಜೀದ್. ಅವರು 1991ರಲ್ಲಿ ಬೆಂಗಳೂರಿನಲ್ಲಿ ಸಾಮಿ ಲ್ಯಾಬ್ಸ್ ಎಂಬ ಹೆಸರಿನಿಂದ ಆರಂಭಿಸಿದ ಕಂಪನಿ ಇರುವುದು ಇದೇ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ. ಅರಿಶಿನ, ಮೆಣಸು, ಶಲ್ಲಕಿ ಮರದ ಅಂಟು ಮುಂತಾದವುಗಳ ಸಾರ ತೆಗೆದು ಅದು ಅಮೆರಿಕವೂ ಸೇರಿ ಹೊರದೇಶಗಳಿಗೆ ಮಾರುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳಬೇಕು. ಒಂದು, ಅಳೆದದ್ದು ಏನನ್ನು? ರಕ್ತದಲ್ಲಿನ ಪ್ರಮಾಣವನ್ನು, ಮಂಡಿನೋವನ್ನಲ್ಲ. ಎರಡು, ಅಳೆದವರು ಯಾರು? ಆ ವಸ್ತುವನ್ನು ಮಾರುವ ಕಂಪನಿಯ ಸಂಸ್ಥಾಪಕರೂ ಅವರಲ್ಲಿದ್ದರು. ಅಷ್ಟರಿಂದಲೇ ಅದು ಸುಳ್ಳಾಗುವುದಿಲ್ಲ, ಆದರೆ ಬೇರೆಯವರ ಅಳತೆಯೂ ಬೇಕೆನಿಸುತ್ತದೆ. ಮೂರು, ಪ್ರಮಾಣ ಎಷ್ಟು? ಲೆಕ್ಕ ಹಾಕಿ: ನೂರಕ್ಕೆ ಮೂರರಂತೆ 2 ಗ್ರಾಂ ಕುರ್ಕ್ಯುಮಿನ್ ಬೇಕಾದರೆ ಸುಮಾರು 65 ಗ್ರಾಂ ಅರಿಶಿನ ಬೇಕು. ಒಂದು ಚಮಚ ಅರಿಶಿನ 3 ಗ್ರಾಂ ಎಂದರೂ ಅದರಲ್ಲಿರುವುದು 90 ಮಿಲಿಗ್ರಾಂ. ಅರಿಶಿನದ ಹಾಲು ಕುಡಿದದ್ದೂ ಕ್ಯಾಪ್ಸೂಲ್ ನುಂಗಿದ್ದೂ ಒಂದೇ ಅಲ್ಲ. ಅಡುಗೆಯ ಅರಿಶಿನಕ್ಕೆ ಹೆದರಬೇಕಾಗಿಲ್ಲ. ಸಾರ ತೆಗೆದ ಅರಿಶಿನದ ಮಾತ್ರೆ ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು 2019ರಲ್ಲಿ ಇಟಲಿಯ ಆರೋಗ್ಯ ಇಲಾಖೆ ತನಿಖೆ ಮಾಡಿತು. ಅಮೆರಿಕದಿಂದಲೂ ಅಂಥ ವರದಿಗಳು ಬಂದಿವೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವವರಂತೂ ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು.

ಶಲ್ಲಕಿಗೆ ಸ್ವಲ್ಪ ಗಟ್ಟಿಯಾದ ಆಧಾರವಿದೆ. 2014ರಲ್ಲಿ ಕೋಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಪ್ರಕಟಿಸಿದ ಸಮೀಕ್ಷೆಯಲ್ಲಿ, ನೋವನ್ನು 100 ಅಂಕಗಳ ಅಳತೆಯಲ್ಲಿ ಹೇಳುವುದಾದರೆ, ಶಲ್ಲಕಿಯ ಸಾರ ತೆಗೆದುಕೊಂಡವರ ನೋವು ಹುಸಿಮಾತ್ರೆಯವರಿಗಿಂತ 17 ಅಂಕ ಕಡಿಮೆಯಿತ್ತು. ಇದು ಸವೆತದ ನೋವಿಗೆ ಸಂಬಂಧಿಸಿದ್ದು, ಮೂರು ತಿಂಗಳ ಬಳಕೆಯ ನಂತರದ್ದು, ಮೂರು ದಿನದ್ದಲ್ಲ.

ಗ್ಲುಕೋಸಮಿನ್ ಮಾತ್ರೆಯ ಕಥೆ ಬೇರೆ. 2006ರಲ್ಲಿ ಅಮೆರಿಕದಲ್ಲಿ 1,583 ಮಂಡಿನೋವಿನವರ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಅದು ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಈ ಮಾತ್ರೆಯನ್ನು ಸಾಮಾನ್ಯವಾಗಿ ಸೀಗಡಿ, ಏಡಿಗಳ ಚಿಪ್ಪಿನಿಂದ ತಯಾರಿಸುತ್ತಾರೆ ಎಂಬುದು ಸಸ್ಯಾಹಾರಿಗಳಿಗೆ ತಿಳಿದಿದ್ದರೆ ಒಳ್ಳೆಯದು. ತಾಮ್ರದ ಕಡಗವನ್ನೂ ಪರೀಕ್ಷಿಸಿದ್ದಾರೆ. 2013ರಲ್ಲಿ ಬ್ರಿಟನ್ನಿನಲ್ಲಿ 70 ರೂಮಟಾಯ್ಡ್ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಯಾವ ಗುಣವೂ ಕಾಣಲಿಲ್ಲ. ಕೈಗೆ ಚೆಂದ ಎಂದು ಹಾಕಿಕೊಳ್ಳುವುದಾದರೆ ಹಾಕಿಕೊಳ್ಳಲಿ.

ಎಲ್ಲರ ಮದ್ದೂ ಏಕೆ 'ಫಲಿಸುತ್ತದೆ'?

"ನಮ್ಮ ಪಕ್ಕದ ಮನೆಯವರಿಗೆ ವಾಸಿಯಾಯಿತಲ್ಲ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಗ್ಲುಕೋಸಮಿನ್ ಪರೀಕ್ಷೆಯಲ್ಲಿ ಹುಸಿಮಾತ್ರೆ, ಎಂದರೆ ಔಷಧವೇ ಇಲ್ಲದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 60 ಮಂದಿ ನೋವು ಐದನೆಯ ಒಂದು ಪಾಲಾದರೂ ಇಳಿಯಿತೆಂದರು. ಅವರೇನೂ ಸುಳ್ಳು ಹೇಳಲಿಲ್ಲ. ಕೀಲುನೋವು ಅಲೆಯಂತೆ ಏರುತ್ತದೆ, ಇಳಿಯುತ್ತದೆ. ನಾವು ಔಷಧ ಹುಡುಕಿಕೊಂಡು ಹೋಗುವುದು ಅಲೆ ತುದಿಗೇರಿದಾಗ. ಅಲ್ಲಿಂದ ಮುಂದೆ ಇಳಿಯುವುದೇ ತಾನೇ? ಜೊತೆಗೆ ಗುಣವಾಗುತ್ತದೆಂಬ ನಂಬಿಕೆಯೂ ನೋವನ್ನು ನಿಜವಾಗಿಯೇ ಸ್ವಲ್ಪ ತಗ್ಗಿಸುತ್ತದೆ.

2006ರ ಚಿಕೂನ್‌ಗುನ್ಯಾ ಹಿರಿಯರಿಗೆ ನೆನಪಿರಬೇಕು. ಆ ವರ್ಷ ಕರ್ನಾಟಕ ಒಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ಬಿಟ್ಟ ಮೇಲೂ ಜನ ವಾರಗಟ್ಟಲೆ, ತಿಂಗಳುಗಟ್ಟಲೆ ಕುಂಟುತ್ತಾ ನಡೆದರು. ಒಬ್ಬರು ಅಮೃತಬಳ್ಳಿಯ ಕಷಾಯ ಕುಡಿದರು, ಇನ್ನೊಬ್ಬರು ಸಕ್ಕರೆ ಗುಳಿಗೆ ನುಂಗಿದರು, ಮತ್ತೊಬ್ಬರು ಹರಕೆ ಹೊತ್ತರು. ಬಹುಪಾಲು ಜನರ ನೋವು ದಿನ ಕಳೆದಂತೆ ತಾನಾಗಿ ಇಳಿಯಿತು. ಯಾರು ಯಾವುದನ್ನು ಕಡೆಯಲ್ಲಿ ಮಾಡಿದ್ದರೋ ಆ ಮದ್ದಿಗೆ ಕೀರ್ತಿ ಸಂದಿತು. ಆದ್ದರಿಂದಲೇ ವಿಜ್ಞಾನಿಗಳು ಒಬ್ಬರ ಅನುಭವವನ್ನಷ್ಟೇ ನೆಚ್ಚದೆ ಎರಡು ಗುಂಪು ಮಾಡಿ ಹೋಲಿಸುವುದು.

ಇನ್ನೊಂದು ತಪ್ಪು ತಿಳಿವಳಿಕೆ, ಗಿಡದಿಂದ ಬಂದದ್ದಕ್ಕೆ ಅಡ್ಡ ಪರಿಣಾಮವಿಲ್ಲ ಎಂಬುದು. ಬೇಲಿಯ ಮೇಲೆ ಬೆಂಕಿಯ ನಾಲಿಗೆಯಂತೆ ಅರಳುವ ಗೌರಿ ಹೂವನ್ನು ನೋಡಿದ್ದೀರಲ್ಲವೇ? ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಇದೆ. ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ ಅದು ಗೌಟ್ ನೋವಿಗೆ ವೈದ್ಯರು ಬರೆದುಕೊಡುವ ಔಷಧ. ಗೆಡ್ಡೆಯನ್ನೇ ತಿಂದರೆ ಪ್ರಾಣ ಹೋಗುತ್ತದೆ. ಹಾಗೆಯೇ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ದಿನವೂ ನುಂಗುವ ನೋವಿನ ಮಾತ್ರೆಯೂ ಸಾಧುವಲ್ಲ. ಅದು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಔಷಧ ಗಿಡದ್ದೋ ಕಾರ್ಖಾನೆಯದೋ ಎಂಬುದಕ್ಕಿಂತ, ಏನು, ಎಷ್ಟು, ಯಾವ ಕಾಯಿಲೆಗೆ ಎಂಬುದು ಮುಖ್ಯ.

ಮನೆಯಲ್ಲಿ ಮಾಡಬೇಕಾದ್ದು

ಹುಡುಗಿಯ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇದು: "ನಮ್ಮ ಲ್ಯಾಬಿನಲ್ಲಿ ಗೊತ್ತಾಗುವುದಿಲ್ಲಮ್ಮಾ. ಗೊತ್ತಾಗುವವರೆಗೆ ಅಮ್ಮನನ್ನು ವೈದ್ಯರಿಗೆ ತೋರಿಸಿ." ಪುಡಿಯಲ್ಲಿ ಅಡಗಿದ ಸ್ಟೀರಾಯ್ಡನ್ನು ಲಿಟ್ಮಸ್ ಕಾಗದ ಹಿಡಿಯಲಾರದು. ಅದಕ್ಕೆ ದೊಡ್ಡ ಪ್ರಯೋಗಾಲಯಗಳು ಕ್ರೊಮ್ಯಾಟೊಗ್ರಫಿ ಬಳಸುತ್ತವೆ. ಚಾಕ್‌ಪೀಸಿನ ಮೇಲೆ ಶಾಯಿ ಹಚ್ಚಿ ನೀರಿನಲ್ಲಿ ನಿಲ್ಲಿಸಿದರೆ ಬಣ್ಣಗಳು ಬೇರೆಬೇರೆ ಎತ್ತರಕ್ಕೆ ಏರುತ್ತವಲ್ಲ, ತತ್ತ್ವ ಅದೇ.

ಪ್ರಯೋಗಾಲಯ ಇಲ್ಲದಿದ್ದರೂ ಓದಲು ಬರುವ ಮಕ್ಕಳು ಮನೆಯಲ್ಲಿದ್ದಾರೆ. ಆಯುರ್ವೇದ, ಯುನಾನಿ ಔಷಧಗಳ ಡಬ್ಬಿಯ ಮೇಲೂ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಏನೇನು ಬೆರೆಸಿದೆ ಎಂಬ ಪಟ್ಟಿ ಇರಬೇಕೆಂದು ಕಾನೂನಿದೆ. ಇದಾವುದೂ ಇಲ್ಲದ್ದನ್ನು ಬಾಯಿಗೆ ಹಾಕಬಾರದು. ಡಬ್ಬಿಯ ಮೇಲೆ ಬರೆದಿದ್ದರೂ ಎಚ್ಚರ ಬೇಕು: 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಿನ ಅಂಗಡಿಗಳಿಂದ ತಂದ 70 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಆ ಪದ್ಧತಿಯಲ್ಲಿ ನಂಬಿಕೆಯಿರುವವರು ಪದವಿ ಪಡೆದು ನೋಂದಾಯಿಸಿಕೊಂಡ ವೈದ್ಯರ ಬಳಿ ಹೋಗಲಿ. ಪೀಣ್ಯದಿಂದ ದೂರವಲ್ಲದ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೇ ಇದೆ. ಸಂಧಿವಾತವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಔಷಧಗಳ ಕಾಯಿದೆ ನಿಷೇಧಿಸಿದೆ. ಕಂಬದ ಮೇಲೆ ಅಂಟಿಸಿದ ಚೀಟಿ ಓದುವಾಗ ಇದು ನೆನಪಿರಲಿ.

ಕಾರ್ಖಾನೆಯ ಕೆಲಸದವರ ಬಳಿ ಇಎಸ್‌ಐ ಕಾರ್ಡ್ ಇರುತ್ತದೆ. ತಿಂಗಳು ತಿಂಗಳು ಸಂಬಳದಲ್ಲಿ ಅದಕ್ಕೆ ಹಣ ಕಡಿತವಾಗುತ್ತದೆ. ಆದರೂ ರಜೆ ಹಾಕಿ ಸರದಿಯಲ್ಲಿ ನಿಲ್ಲಬೇಕು, ಅಂದಿನ ಕೂಲಿ ಹೋಗುತ್ತದೆ ಎಂದು ಜನ ಸಂತೆಯ ಪೊಟ್ಟಣಕ್ಕೆ ಕೈಚಾಚುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಬೆರಳುಗಳೇ ಬಂಡವಾಳವಾದವರಿಗೆ ಒಂದು ದಿನದ ಕೂಲಿಗಿಂತ ಬೆರಳು ದೊಡ್ಡದು. ಎರಡೂ ಕೈಯ ಗೆಣ್ಣುಗಳು ಊದಿ, ಬೆಳಗಿನ ಬಿಗಿತ ಒಂದು ಗಂಟೆ ಮೀರಿ, ಹೀಗೆ ಆರು ವಾರ ಕಳೆದರೆ ಮನೆಮದ್ದು ಸಾಕು ಮಾಡಿ ರಕ್ತ ಪರೀಕ್ಷೆ ಮಾಡಿಸಿ.

ಆ ತಾಯಿ ಈಗ ಚಿಕಿತ್ಸೆಯಲ್ಲಿದ್ದಾರೆ. ಮೆಥೋಟ್ರೆಕ್ಸೇಟ್ ಮಾತ್ರೆ, ವಾರಕ್ಕೆ ಒಂದೇ ದಿನ. ದಿನವೂ ನುಂಗಿಬಿಟ್ಟರೆ ಪ್ರಾಣಾಪಾಯವಾದ್ದರಿಂದ ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟಿದ್ದಾಳೆ. ಬೆಳಿಗ್ಗೆ ಕೈಗಳನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಬೆರಳು ಮಡಿಸಿ ಬಿಡಿಸುವ ವ್ಯಾಯಾಮವೂ ನಡೆದಿದೆ. ಬಲಗೈಯ ಎರಡು ಬೆರಳು ಸ್ವಲ್ಪ ಓರೆಯಾಗಿ ಉಳಿದಿವೆ. ಹೊಲಿಗೆಯ ಮಿಷನ್ ಬಿಟ್ಟು ಅದೇ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸ ಹಿಡಿದಿದ್ದಾರೆ. ಸಂಬಳ ಮೊದಲಿಗಿಂತ ಕಡಿಮೆ. ಹುಡುಗಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳೆ. ಹೋದ ತಿಂಗಳು ಅಂಕಪಟ್ಟಿಯ ನಕಲಿಗೆ ಶಾಲೆಗೆ ಬಂದಿದ್ದಳು. "ಆವತ್ತು ನಾನು ಸರಿಯಾಗಿ ಹೇಳಲಿಲ್ಲಮ್ಮಾ" ಎಂದೆ. "ಇರಲಿ ಬಿಡಿ ಸಾರ್, ನಾನೂ ಇನ್ನೊಂದು ಸಲ ಕೇಳಬೇಕಿತ್ತು" ಎಂದಳು.

ಇನ್ನೊಂದು ಸಲ ಕೇಳುವುದು ಮಕ್ಕಳ ಕೆಲಸ. ಮೊದಲ ಸಲಕ್ಕೇ ಕಿವಿಗೊಡುವುದು ನಮ್ಮಂಥ ದೊಡ್ಡವರ ಕೆಲಸ. ಈ ಭಾನುವಾರ ನಿಮ್ಮ ಮನೆಯ ಔಷಧದ ಡಬ್ಬಿಯನ್ನು ಅಪ್ಪ ಅಮ್ಮನ ಜೊತೆ ಕೂತು ಒಮ್ಮೆ ತೆರೆದು ನೋಡಿ. ಹೆಸರು ಓದಲಾಗದ ಪೊಟ್ಟಣ ಸಿಕ್ಕಿದರೆ ಪಕ್ಕಕ್ಕೆ ಎತ್ತಿಡಿ. ಅದನ್ನು ಯಾರಾದರೂ ಈಗಲೂ ತೆಗೆದುಕೊಳ್ಳುತ್ತಿದ್ದರೆ ಅವರನ್ನೂ ಪೊಟ್ಟಣವನ್ನೂ ವೈದ್ಯರ ಬಳಿಗೆ ಕರೆದೊಯ್ಯಿರಿ.